ಪಲ್ಸಾರ್ ಮಿಡಿತ ತಾಳ ತಪ್ಪಿದಾಗ: ವಿಚಿತ್ರ ರೇಡಿಯೊ ವಿನ್ಯಾಸಗಳನ್ನು ಬಿಡಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಪಲ್ಸಾರ್ ಎಂದರೆ ಕರಾರುವಾಕ್ಕಾಗಿ ಮಿಡಿಯುವ ನ್ಯೂಟ್ರಾನ್ ನಕ್ಷತ್ರ ಎಂದು ಪಠ್ಯಪುಸ್ತಕ ಹೇಳುತ್ತದೆ. ಕರಾರುವಾಕ್ಕಾಗಿರುವುದು ಅದರ ತಿರುಗಾಟ. ತಿರುಗುವಾಗ ಅದರ ರೇಡಿಯೊ ಕಿರಣ ನಮ್ಮ ಕಡೆ ಹಾದಾಗಲೆಲ್ಲ ನಮಗೊಂದು ಮಿಡಿತ. ಮಿಡಿತದ ಮಾತೇ ಬೇರೆ. ಸಾವಿರಾರು ಸುತ್ತುಗಳನ್ನು ಕೂಡಿಸಿ ಸರಾಸರಿ ತೆಗೆದರೆ ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ಆಕಾರ ಸಿಗುತ್ತದೆ, ನಿಜ. ಆದರೆ ಸುತ್ತು ಸುತ್ತನ್ನೂ ಬೇರೆ ಮಾಡಿ ನೋಡಿ. ಒಂದು ಮಿಡಿತ ಗಟ್ಟಿ, ಮುಂದಿನದು ಸಪ್ಪೆ, ಅದರ ಮುಂದಿನದು ಎಡಕ್ಕೆ ಸರಿದಿದೆ, ಆಮೇಲೆ ಹತ್ತಿಪ್ಪತ್ತು ಸುತ್ತು ಏನೂ ಇಲ್ಲ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಮೊದಲ ಪಲ್ಸಾರನ್ನು ಗುರುತಿಸಿದರು. ಮರುವರ್ಷವೇ ಡ್ರೇಕ್ ಮತ್ತು ಕ್ರಾಫ್ಟ್ ಮಿಡಿತದೊಳಗಿನ ಸಣ್ಣ ಮಿಡಿತಗಳು ಜಾರುವುದನ್ನು ಕಂಡರು. 1970ರಲ್ಲಿ ಡಾನ್ ಬ್ಯಾಕರ್ ಮಿಡಿತ ನಿಂತುಹೋಗುವುದನ್ನೂ ಇಡೀ ಆಕಾರವೇ ಬದಲಾಗುವುದನ್ನೂ ವರದಿ ಮಾಡಿದರು. ಅಂದರೆ ಈ ವಿಚಿತ್ರಗಳ ವಯಸ್ಸು ಹೆಚ್ಚುಕಡಿಮೆ ಪಲ್ಸಾರ್ ವಿಜ್ಞಾನದ್ದೇ.

ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಈ ವಿಷಯ ಹಿಡಿದಾಗ ಹೇಗೆ ಹೆಜ್ಜೆ ಇಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇಡೀ ಕೆಲಸ ನಿಂತಿರುವುದು ಅನುಮಾನ ಪಡುವ ಕ್ರಮದ ಮೇಲೆ. ಮೊದಲು ನಮ್ಮ ಕಡೆಯ ಗದ್ದಲವನ್ನು ಅನುಮಾನಿಸಬೇಕು, ಆಮೇಲೆ ಸಂಕೇತ ಬಂದ ದಾರಿಯನ್ನು, ಕೊನೆಗೆ ಚುಕ್ಕಿಯನ್ನು. ಈ ಕ್ರಮ ತಲೆಕೆಳಗಾದರೆ ಎಷ್ಟು ಚಂದದ ಸಿದ್ಧಾಂತ ಕಟ್ಟಿದರೂ ದಂಡ.

ಹೆಜ್ಜೆ 1: ಆ್ಯಂಟೆನಾ ಬೇಡ, ಡೇಟಾ ತನ್ನಿ

ಕೆಲವು ಮೀಟರ್ ಅಗಲದ ಡಿಶ್ ಕಟ್ಟಿ ಪಲ್ಸಾರ್ ಹಿಡಿದ ಹವ್ಯಾಸಿಗಳು ಪ್ರಪಂಚದಲ್ಲಿ ಇದ್ದಾರೆ. ಆದರೆ ಅವರಿಗೆ ಸಿಗುವುದು ಗಂಟೆಗಟ್ಟಲೆ ಮಡಚಿ, ಅಂದರೆ ಸುತ್ತುಗಳನ್ನು ಒಂದರ ಮೇಲೊಂದು ಕೂಡಿಸಿ, ತೆಗೆದ ಸರಾಸರಿ ಆಕಾರ ಮಾತ್ರ. ನಮಗೆ ಬೇಕಾದದ್ದು ಒಂದೊಂದೇ ಮಿಡಿತ, ಅದಕ್ಕೆ ದೊಡ್ಡ ಟೆಲಿಸ್ಕೋಪೇ ಆಗಬೇಕು. ಪುಣೆಯಿಂದ ನಾಸಿಕ್ ರಸ್ತೆಯಲ್ಲಿ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಇದೆ, 45 ಮೀಟರ್ ವ್ಯಾಸದ 30 ಡಿಶ್‌ಗಳು. ಅದಕ್ಕೆ ಆನ್‌ಲೈನ್ ಸಂಗ್ರಹವಿದೆ. ಆಸ್ಟ್ರೇಲಿಯದ ಪಾರ್ಕ್ಸ್ ಟೆಲಿಸ್ಕೋಪಿನ ಡೇಟಾ 18 ತಿಂಗಳ ನಂತರ ಯಾರಿಗಾದರೂ ಇಳಿಸಿಕೊಳ್ಳಲು ಸಿಗುತ್ತದೆ. ಕಡತಗಳು ಹಲವು ಜಿಬಿ ಇರುವುದರಿಂದ ಮನೆಯ ಮೊಬೈಲ್ ಡೇಟಾ ನಂಬಬೇಡಿ, ಕಾಲೇಜಿನ ನೆಟ್ ಬಳಸಿ. ನಡುವೆ ಕರೆಂಟ್ ಹೋದರೆ ಬಿಟ್ಟಲ್ಲಿಂದ ಮುಂದುವರಿಸುವಂಥ ಡೌನ್‌ಲೋಡ್ ಪ್ರೋಗ್ರಾಂ ಇಟ್ಟುಕೊಳ್ಳಿ.

ಮೊದಲ ಸಲಕ್ಕೆ ಬಿ0329+54 ಆರಿಸಿ. ಬಲವಾದ ಪಲ್ಸಾರ್ ಇದು, ಒಂದು ಸುತ್ತಿಗೆ 0.7145 ಸೆಕೆಂಡ್. ಧಾರವಾಡದಿಂದ ನೋಡುವುದಾದರೆ ಉತ್ತರ ದಿಕ್ಕಿನಲ್ಲಿ ಸುಮಾರು 51 ಡಿಗ್ರಿ ಎತ್ತರಕ್ಕೆ ಏರುತ್ತದೆ; ಕಾರ್ತಿಕದ ನಡುರಾತ್ರಿ ಅದು ನೆತ್ತಿಯ ರೇಖೆ ದಾಟುವ ಹೊತ್ತು. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೂ ಎಲ್ಲಿದೆ ಎಂದು ಒಮ್ಮೆ ಅಂಗಳಕ್ಕೆ ಬಂದು ತಲೆ ಎತ್ತಿದರೆ ನಷ್ಟವೇನಿಲ್ಲ.

ಹೆಜ್ಜೆ 2: ತಡವನ್ನು ಸರಿಪಡಿಸಿ

ನಕ್ಷತ್ರಗಳ ನಡುವಿನ ಎಲೆಕ್ಟ್ರಾನ್‌ಗಳು ಕಡಿಮೆ ಆವರ್ತನದ ಅಲೆಗಳನ್ನು ಹೆಚ್ಚು ತಡೆದು ಕಳಿಸುತ್ತವೆ. ಎಷ್ಟು ತಡ ಎನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ: ಮಿಲಿಸೆಕೆಂಡ್‌ನಲ್ಲಿ ತಡ = 4.15 × ಡಿಎಂ × (1/ಕೆಳ ಆವರ್ತನದ ವರ್ಗ − 1/ಮೇಲಿನ ಆವರ್ತನದ ವರ್ಗ). ಆವರ್ತನಗಳನ್ನು ಗಿಗಾಹರ್ಟ್ಸ್‌ನಲ್ಲಿ ಇಡಬೇಕು. ಡಿಎಂ ಅಂದರೆ ನಮಗೂ ಪಲ್ಸಾರ್‌ಗೂ ನಡುವಿನ ಎಲೆಕ್ಟ್ರಾನ್‌ಗಳ ಒಟ್ಟು ಪ್ರಮಾಣ. ಬಿ0329+54ಕ್ಕೆ ಅದು 26.76.

ಕೈಯಲ್ಲೇ ಹಾಕಿ ನೋಡಿ. 500 ಮೆಗಾಹರ್ಟ್ಸ್‌ನಲ್ಲಿ ಬಂದ ಮಿಡಿತಕ್ಕಿಂತ 300ರಲ್ಲಿ ಬರುವುದು ಸುಮಾರು 790 ಮಿಲಿಸೆಕೆಂಡ್ ಹಿಂದೆ. ಪಲ್ಸಾರ್ ಸುತ್ತುವುದೇ 714 ಮಿಲಿಸೆಕೆಂಡ್‌ಗೆ! ಹೀಗಾಗಿ ತಡ ತೆಗೆಯದೆ ಬೇರೆ ಬೇರೆ ಆವರ್ತನದ ಚಾನೆಲ್‌ಗಳನ್ನು ಕೂಡಿಸಿದರೆ ಒಂದು ಸುತ್ತಿನ ಮಿಡಿತ ಮುಂದಿನ ಸುತ್ತಿನ ಮೇಲೆ ಬೀಳುತ್ತದೆ. ಆಗ ಕಾಣುವ ಯಾವ ವಿನ್ಯಾಸಕ್ಕೂ ಅರ್ಥವಿಲ್ಲ. ಡಿಎಂ ಸ್ವಲ್ಪವೇ ತಪ್ಪಿದರೂ ಮಿಡಿತ ಅಗಲವಾಗುತ್ತದೆ, ಎರಡು ಶಿಖರಗಳ ನಡುವಿನ ಕಣಿವೆ ತುಂಬಿಹೋಗುತ್ತದೆ. ಪ್ರೆಸ್ಟೊ, ಡಿಎಸ್‌ಪಿಎಸ್‌ಆರ್ ಎಂಬ ಉಚಿತ ಪ್ರೋಗ್ರಾಂಗಳು ಈ ಕೆಲಸ ಮಾಡಿಕೊಡುತ್ತವೆ. ಆದರೂ ಮೇಲಿನ ಲೆಕ್ಕ ಒಮ್ಮೆ ಕಾಗದದ ಮೇಲೆ ಮಾಡಿ, ಪ್ರೋಗ್ರಾಂ ಕೊಟ್ಟ ಉತ್ತರದ ಜೊತೆ ತಾಳೆ ನೋಡಿ.

ಹೆಜ್ಜೆ 3: ಮಿಡಿತಗಳನ್ನು ಸಾಲಾಗಿ ಜೋಡಿಸಿ

ಈಗ ಡೇಟಾವನ್ನು ಪಲ್ಸಾರ್ ಸುತ್ತಿನ ಉದ್ದಕ್ಕೆ ಕತ್ತರಿಸಿ ಒಂದರ ಮೇಲೊಂದು ಇಡಬೇಕು. ಅಡ್ಡಕ್ಕೆ ಸುತ್ತಿನೊಳಗಿನ ಹಂತ, ಲಂಬಕ್ಕೆ ಸುತ್ತಿನ ಸಂಖ್ಯೆ, ಬಣ್ಣದಲ್ಲಿ ತೀವ್ರತೆ. ಡಿಎಸ್‌ಪಿಎಸ್‌ಆರ್‌ನಲ್ಲಿ ಒಂಟಿ ಮಿಡಿತಗಳನ್ನು ಬೇರೆ ಬೇರೆ ಉಳಿಸುವ ಆಯ್ಕೆಯೇ ಇದೆ. ಪೈಥಾನ್ ಗೊತ್ತಿದ್ದವರಿಗೆ ನಂಪೈಯಲ್ಲಿ ಹತ್ತು ಸಾಲಿನ ಕೆಲಸ. ಎರಡು ಕಿಟಕಿ ಗುರುತು ಮಾಡಿಕೊಳ್ಳಿ. ಮಿಡಿತ ಬರುವ ಜಾಗಕ್ಕೆ ಒಳಕಿಟಕಿ, ಏನೂ ಬರದ ಜಾಗದಲ್ಲಿ ಅಷ್ಟೇ ಅಗಲದ ಹೊರಕಿಟಕಿ. ಮುಂದಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಇವೆರಡರ ಹೋಲಿಕೆಯೇ.

ಈ ಚಿತ್ರವನ್ನು ಸುಮ್ಮನೆ ನೋಡುತ್ತ ಕೂಡಿ. ಗಡಿಬಿಡಿ ಬೇಡ. ಓರೆಯಾದ ಪಟ್ಟೆಗಳು, ಖಾಲಿ ಸಾಲುಗಳು, ಒಮ್ಮೆಲೇ ಆಕಾರ ಬದಲಾದ ಜಾಗ, ಒಂದೇ ಒಂದು ಕಣ್ಣು ಕುಕ್ಕುವ ಬೆಳಕಿನ ಚುಕ್ಕೆ, ಇವೆಲ್ಲ ಅಂಕಿಅಂಶಕ್ಕಿಂತ ಮೊದಲು ಕಣ್ಣಿಗೇ ಸಿಗುತ್ತವೆ.

ಹೆಜ್ಜೆ 4: ನಮ್ಮ ಕಡೆಯ ಗದ್ದಲ

ಆಕಾಶವಾಣಿ ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್‌ನಲ್ಲಿದೆ, ಪಲ್ಸಾರ್ ನೋಡುವ ಆವರ್ತನ ಪಟ್ಟಿಗೆ ಅದು ಅಡ್ಡ ಬರುವುದಿಲ್ಲ. ಕಾಟ ಕೊಡುವವು ಎಫ್‌ಎಂ, ಟಿವಿ, ಮೊಬೈಲ್ ಟವರ್, ಉಪಗ್ರಹ, ವಿಮಾನದ ರಾಡಾರ್ ಮತ್ತು ವಿದ್ಯುತ್ ತಂತಿಯ ಕಿಡಿ. ಟೆಲಿಸ್ಕೋಪ್ ಎಷ್ಟೇ ದೂರದ ಬಯಲಲ್ಲಿರಲಿ, ಇವು ತಪ್ಪುವುದಿಲ್ಲ. ಮೂರು ಪರೀಕ್ಷೆ ಮಾಡಿ.

ಮೊದಲನೆಯದು, ಡಿಎಂ ಸೊನ್ನೆ ಇಟ್ಟು ಮತ್ತೊಮ್ಮೆ ಕೂಡಿಸಿ. ಭೂಮಿಯ ಮೇಲಿನ ಸಂಕೇತಕ್ಕೆ ಅಂತರತಾರಾ ತಡ ಇಲ್ಲ, ಆದ್ದರಿಂದ ಅದು ಸೊನ್ನೆಯಲ್ಲೇ ಎದ್ದು ಕಾಣುತ್ತದೆ. ಎರಡನೆಯದು, 20 ಅಥವಾ 10 ಮಿಲಿಸೆಕೆಂಡ್ ಆವರ್ತ ಕಂಡರೆ ಸಂಭ್ರಮ ಪಡಬೇಡಿ. ನಮ್ಮ 50 ಹರ್ಟ್ಸ್ ಕರೆಂಟಿನ ಗುರುತು ಅದು. ಮೂರನೆಯದು, ವಿಚಿತ್ರ ಕಂಡ ಸಾಲುಗಳಲ್ಲಿ ಹೊರಕಿಟಕಿ ಏನಾಗಿದೆ ನೋಡಿ.

ಈ ಮೂರನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗದಗದ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು: “ಸರ, ನಡುವ ಮೂವತ್ತು ಸಾಲು ಪೂರಾ ಖಾಲಿ ಅದಾವ್ರಿ. ಚುಕ್ಕಿ ಸುಮ್ನಾತೇನ್ರಿ?” ನಾನು ಕೇಳಿದೆ: “ಖಾಲಿ ಸಾಲಿನ್ಯಾಗ ಗುಜುಗುಜು ಐತೇನು ನೋಡವಾ.” ಚಿತ್ರ ಹಿಗ್ಗಿಸಿದಳು. ಅಕ್ಕಪಕ್ಕದ ಸಾಲುಗಳ ಹೊರಕಿಟಕಿಯಲ್ಲಿ ಸಣ್ಣಗೆ ಕಪ್ಪುಬಿಳಿ ಚುಕ್ಕೆಗಳಿದ್ದವು. ಆ ಮೂವತ್ತರಲ್ಲಿ ಒಂದೇ ಸಮನೆಯ ಬಣ್ಣ. ನಕ್ಷತ್ರ ಸುಮ್ಮನಾದರೂ ಆಕಾಶದ ಮತ್ತು ರಿಸೀವರಿನ ಸದ್ದು ಸುಮ್ಮನಾಗುವುದಿಲ್ಲ. ಸದ್ದೂ ಇಲ್ಲವೆಂದರೆ ಹಸ್ತಕ್ಷೇಪ ತೆಗೆಯುವ ಪ್ರೋಗ್ರಾಂ ಆ ತುಂಡನ್ನೇ ಅಳಿಸಿದೆ ಎಂದರ್ಥ. “ಹಂಗಾರ ಇದು ನಮ್ಮ ಪ್ರೋಗ್ರಾಮಿಂದ ಆಗಿದ್ದು” ಎಂದು ಅವಳೇ ಹೇಳಿ, ಅಳಿಸಿದ ತುಂಡುಗಳ ಪಟ್ಟಿಯಿರುವ ಮಾಸ್ಕ್ ಕಡತ ತೆರೆದು ಸಾಲಿನ ಸಂಖ್ಯೆ ತಾಳೆ ನೋಡಿದಳು. ಸರಿಹೊಂದಿತು.

ಅನುಭವಿಗಳಿಗೂ ಇದು ಬಿಟ್ಟಿದ್ದಲ್ಲ. ಪಾರ್ಕ್ಸ್‌ನಲ್ಲಿ ‘ಪೆರಿಟಾನ್’ ಎಂಬ ಸಿಡಿತಗಳು ಆಕಾಶದ ಸಂಕೇತದಂತೆಯೇ ತಡ ತೋರಿಸಿ ಹಲವು ವರ್ಷ ಕಾಡಿದವು. 2015ರಲ್ಲಿ ಗುಟ್ಟು ರಟ್ಟಾಯಿತು. ಆವರಣದ ಮೈಕ್ರೋವೇವ್ ಒಲೆ ಓಡುತ್ತಿರುವಾಗಲೇ ಯಾರೋ ಬಾಗಿಲು ತೆಗೆಯುತ್ತಿದ್ದರು. ಸಿಡಿತಗಳು ಹೆಚ್ಚಾಗಿ ಊಟದ ಹೊತ್ತಿಗೇ ಬರುತ್ತಿದ್ದುದು ಸುಳಿವು ಕೊಟ್ಟಿತ್ತು.

ಹೆಜ್ಜೆ 5: ದಾರಿಯ ಕೈವಾಡ

ಅಂತರತಾರಾ ಅನಿಲದ ಏರುಪೇರಿನಿಂದ ಪಲ್ಸಾರ್ ಮಿನುಗುತ್ತದೆ. ಮಿನುಗು ನಿಮಿಷಗಳಿಂದ ಗಂಟೆಗಳ ಕಾಲ ನಡೆಯಬಹುದು, ಮತ್ತು ಪಟ್ಟಿಯ ಒಂದು ಭಾಗದಲ್ಲಿ ಪ್ರಕಾಶ ಏರಿದಾಗಲೇ ಇನ್ನೊಂದು ಭಾಗದಲ್ಲಿ ಇಳಿದಿರುತ್ತದೆ. ಆವರ್ತನ ಒಂದು ಕಡೆ, ಕಾಲ ಇನ್ನೊಂದು ಕಡೆ ಇಟ್ಟು ಚಿತ್ರ ಬರೆದರೆ ತೇಪೆ ತೇಪೆಯಾಗಿ ಕಾಣುತ್ತದೆ. ಪಲ್ಸಾರ್ ತಾನೇ ಸುಮ್ಮನಾದರೆ ಸಾಮಾನ್ಯವಾಗಿ ಇಡೀ ಪಟ್ಟಿ ಒಟ್ಟಿಗೆ, ಒಂದೇ ಸುತ್ತಿನೊಳಗೆ ಆರುತ್ತದೆ. ಈ ಒಂದು ಚಿತ್ರದಿಂದಲೇ ಅರ್ಧ ಗೊಂದಲ ಬಗೆಹರಿಯುತ್ತದೆ.

ಇನ್ನೊಂದು, ಚದುರಿಕೆ. ಮಿಡಿತ ಥಟ್ಟನೆ ಏರಿ ಉದ್ದ ಬಾಲ ಬಿಟ್ಟು ಇಳಿದಿದ್ದರೆ ಅದೇ ಪಲ್ಸಾರನ್ನು ಎರಡರಷ್ಟು ಆವರ್ತನದಲ್ಲಿ ನೋಡಿ. ಚದುರಿಕೆಯ ಬಾಲ ಆವರ್ತನದ ನಾಲ್ಕನೆಯ ಘಾತದ ಆಸುಪಾಸಿನಲ್ಲಿ ಕುಗ್ಗುತ್ತದೆ, ಅಂದರೆ ಹದಿನಾರನೇ ಒಂದು ಭಾಗಕ್ಕೆ. ಹಾಗೆ ಕುಗ್ಗದಿದ್ದರೆ ಅದು ನಕ್ಷತ್ರದ್ದೇ ಆಕಾರ.

ಹೆಜ್ಜೆ 6: ಮೌನವನ್ನು ಅಳೆಯಿರಿ

ಇಲ್ಲಿಂದ ಚುಕ್ಕಿಯ ಸರದಿ. ಮಿಡಿತ ಕೆಲ ಸುತ್ತು ನಿಂತು ಮತ್ತೆ ಶುರುವಾಗುವುದಕ್ಕೆ ನಲ್ಲಿಂಗ್ ಎನ್ನುತ್ತಾರೆ. ಕೆಲವು ಪಲ್ಸಾರ್‌ಗಳು ನೂರಕ್ಕೆ ಒಂದು ಪಾಲೂ ಸುಮ್ಮನಿರುವುದಿಲ್ಲ. ಕೆಲವು ನೂರಕ್ಕೆ 95 ಪಾಲು ಸುಮ್ಮನೇ ಇರುತ್ತವೆ.

ಅಳೆಯುವ ಹಳೆಯ, ನಂಬಿಕಸ್ಥ ವಿಧಾನ 1976ರಲ್ಲಿ ರಿಚಿಂಗ್ಸ್ ಕೊಟ್ಟದ್ದು. ಪ್ರತಿ ಸುತ್ತಿನ ಒಳಕಿಟಕಿಯ ಒಟ್ಟು ಶಕ್ತಿ ತೆಗೆದು ಹಿಸ್ಟೋಗ್ರಾಂ ಮಾಡಿ. ಹೊರಕಿಟಕಿಯದೂ ಹಾಗೇ. ಹೊರಕಿಟಕಿಯ ಹಿಸ್ಟೋಗ್ರಾಂ ಸೊನ್ನೆಯ ಸುತ್ತ ಕೂತಿರುತ್ತದೆ, ಅದು ಬರೀ ಸದ್ದು. ಒಳಕಿಟಕಿಯದರಲ್ಲಿ ಎರಡು ದಿಬ್ಬ ಇರಬಹುದು, ಒಂದು ಸೊನ್ನೆಯಲ್ಲಿ, ಇನ್ನೊಂದು ಬಲಗಡೆ. ಈಗ ಹೊರಕಿಟಕಿಯ ಹಿಸ್ಟೋಗ್ರಾಮನ್ನು ಒಂದು ಭಿನ್ನರಾಶಿಯಿಂದ ಗುಣಿಸಿ ಒಳಕಿಟಕಿಯದರಿಂದ ಕಳೆಯಿರಿ. ಸೊನ್ನೆಗಿಂತ ಕೆಳಗಿನ ಭಾಗದ ಮೊತ್ತ ಸೊನ್ನೆಯಾಗುವವರೆಗೆ ಭಿನ್ನರಾಶಿ ಬದಲಿಸುತ್ತ ಹೋಗಿ. ಆ ಸಂಖ್ಯೆಯೇ ಮೌನದ ಪಾಲು.

ಆದರೆ ಮೌನ ಅಂದದ್ದು ನಿಜವಾಗಿ ಮೌನವೋ, ಬರೀ ಪಿಸುಮಾತೋ? ಮೌನ ಎಂದು ಗುರುತಿಸಿದ ಸುತ್ತುಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆಯಿರಿ. ಮೂವತ್ತು ಸುತ್ತು ಕೂಡಿಸಿದರೆ ಸದ್ದು ಸುಮಾರು ಐದೂವರೆ ಪಟ್ಟು ಇಳಿಯುತ್ತದೆ. ಆಗ ಸಣ್ಣ ಶಿಖರ ತಲೆ ಎತ್ತಿದರೆ ಪಲ್ಸಾರ್ ಆರಿರಲಿಲ್ಲ. ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ಈ ಒಂದು ಪರೀಕ್ಷೆ ಇರುವುದಿಲ್ಲ, ಪಾಲು ಮಾತ್ರ ದಶಮಾಂಶ ಸಹಿತ ಇರುತ್ತದೆ. ಪಾಲು ಒಂದೇ ಸಾಲದು ಕೂಡ. ಎರಡು ಪಲ್ಸಾರ್‌ಗಳ ಮೌನದ ಪಾಲು ಒಂದೇ ಇದ್ದರೂ ಒಂದು ಎರಡೆರಡು ಸುತ್ತಿನ ಚೂರುಗಳಲ್ಲಿ, ಇನ್ನೊಂದು ನೂರು ಸುತ್ತಿನ ಉದ್ದ ಅವಧಿಗಳಲ್ಲಿ ಸುಮ್ಮನಿರಬಹುದು. ಜಿಎಂಆರ್‌ಟಿ ಬಳಸಿ 2012ರಲ್ಲಿ ಗಜ್ಜರ್, ಜೋಶಿ, ಕ್ರೇಮರ್ ಇದನ್ನೇ ತೋರಿಸಿದರು. ಅದಕ್ಕೇ ಮೌನದ ಅವಧಿಗಳ ಹಂಚಿಕೆಯನ್ನೂ ಕೊಡಿ.

ಹೆಜ್ಜೆ 7: ಜಾರುವ ಉಪಮಿಡಿತಗಳು

ಸಾಲಿನ ಚಿತ್ರದಲ್ಲಿ ಓರೆ ಪಟ್ಟೆ ಕಂಡಿತೇ? ಇದು ಈ ಕ್ಷೇತ್ರದ ಅತ್ಯಂತ ಸೊಗಸಾದ ಭಾಗ, ನನ್ನ ಮಟ್ಟಿಗಂತೂ. ಸುತ್ತಿನಿಂದ ಸುತ್ತಿಗೆ ಉಪಮಿಡಿತ, ಅಂದರೆ ಮಿಡಿತದೊಳಗಿನ ಸಣ್ಣ ಮಿಡಿತ, ಸ್ವಲ್ಪ ಸ್ವಲ್ಪವೇ ಸರಿಯುತ್ತ ಹೋಗಿ ಕಿಟಕಿಯ ಅಂಚಿನಲ್ಲಿ ಮಾಯವಾಗುತ್ತದೆ, ಇನ್ನೊಂದು ಆ ಕಡೆಯಿಂದ ಬರುತ್ತದೆ. ಬಿ0809+74ರಲ್ಲಿ ಈ ವಿನ್ಯಾಸ ಸುಮಾರು 11 ಸುತ್ತಿಗೊಮ್ಮೆ ಮರುಕಳಿಸುತ್ತದೆ. ಅದೇ ಪಲ್ಸಾರ್ ಒಂದು ಮೌನ ಮುಗಿಸಿ ಬಂದಾಗ ಜಾರುವ ವೇಗ ಬೇರೆಯಾಗಿರುತ್ತದೆ, ನಿಧಾನವಾಗಿ ಹಳೆಯ ಲಯಕ್ಕೆ ಮರಳುತ್ತದೆ. ಮೌನಕ್ಕೂ ಜಾರುವಿಕೆಗೂ ಒಂದೇ ಬೇರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಅಳೆಯುವ ಕ್ರಮ ಹೀಗೆ. 256 ಅಥವಾ 512 ಸುತ್ತು ತೆಗೆದುಕೊಳ್ಳಿ. ಪ್ರತಿ ಹಂತಕ್ಕೂ, ಅಂದರೆ ಚಿತ್ರದ ಪ್ರತಿ ಲಂಬ ಸಾಲಿಗೂ, ಫೂರಿಯೆ ರೂಪಾಂತರ ಮಾಡಿ; ಯಾವ ಲಯ ಎಷ್ಟು ಬಲವಾಗಿದೆ ಎಂದು ತೋರಿಸುವ ಲೆಕ್ಕ ಅದು. ಶಿಖರ ಎಲ್ಲಿ ಬಂತು ನೋಡಿ; ಬಿ0809+74ಕ್ಕೆ ಅದು ಸುತ್ತಿಗೆ 0.09 ಆವರ್ತದ ಹತ್ತಿರ ಬರಬೇಕು. ಹೊರಕಿಟಕಿಯ ಸಾಲುಗಳಲ್ಲೂ ಅದೇ ಶಿಖರ ಇದ್ದರೆ ನಾಲ್ಕನೇ ಹೆಜ್ಜೆಗೆ ವಾಪಸ್ ಹೋಗಿ. ಇಲ್ಲದಿದ್ದರೆ, ಶಿಖರದ ಫೇಸ್ (ಆ ಲಯ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬ ಕೋನ) ಕಿಟಕಿಯುದ್ದಕ್ಕೂ ಹೇಗೆ ಬದಲಾಗುತ್ತದೆ ಎಂದು ಬರೆಯಿರಿ. ಓರೆಯಾಗಿ ಏರಿದರೆ ಅಥವಾ ಇಳಿದರೆ ನಿಜವಾದ ಜಾರುವಿಕೆ. ಮಟ್ಟಸವಾಗಿದ್ದರೆ ಜಾರುತ್ತಿಲ್ಲ, ಇಡೀ ಮಿಡಿತ ಒಟ್ಟಿಗೆ ಹೆಚ್ಚುಕಡಿಮೆಯಾಗುತ್ತಿದೆ ಅಷ್ಟೇ.

ವಿವರಣೆಗೆ ಬಂದರೆ, 1975ರಲ್ಲಿ ರುಡರ್‌ಮನ್ ಮತ್ತು ಸದರ್‌ಲ್ಯಾಂಡ್ ಕೊಟ್ಟ ಮಾದರಿ ಈಗಲೂ ಮೊದಲ ನಿಲ್ದಾಣ. ಒಂದು ಸೆಕೆಂಡಿಗೊಮ್ಮೆ ತಿರುಗುವ ಪಲ್ಸಾರಿನ ಕಾಂತಧ್ರುವದ ಮೇಲೆ ಸುಮಾರು 150 ಮೀಟರ್ ತ್ರಿಜ್ಯದ ಒಂದು ಟೊಪ್ಪಿಗೆಯಷ್ಟು ಜಾಗವಿದೆ. ಅಲ್ಲಿ ಪ್ರಬಲ ವಿದ್ಯುತ್ ಕ್ಷೇತ್ರದ ತೆರಪಿನಲ್ಲಿ ಕಿಡಿಗಳು ಹೊತ್ತುತ್ತವೆ. ವಿದ್ಯುತ್ ಮತ್ತು ಕಾಂತಕ್ಷೇತ್ರಗಳು ಅಡ್ಡಡ್ಡ ಇರುವುದರಿಂದ ಕಿಡಿಗಳು ಕಾಂತ ಅಕ್ಷದ ಸುತ್ತ ತೇಲುತ್ತ ಸಾಗುತ್ತವೆ. ಒಂದೊಂದು ಕಿಡಿಯಿಂದ ಒಂದೊಂದು ಉಪಕಿರಣ. ಲೆಕ್ಕದ ವೇಗ ಅಳತೆಯ ವೇಗಕ್ಕಿಂತ ಹೆಚ್ಚು ಬಂದದ್ದು ಈ ಮಾದರಿಯ ತೊಡಕು. ತೆರಪಿನ ವಿದ್ಯುತ್ ಕ್ಷೇತ್ರ ಭಾಗಶಃ ಮರೆಯಾಗಿ ತಗ್ಗಿದೆ ಎನ್ನುವ ಆಮೇಲಿನ ಮಾದರಿಗಳು ಆ ವೇಗವನ್ನು ಇಳಿಸಿದವು.

ಇಲ್ಲಿ ಒಂದು ಬಲೆ ಇದೆ. ನಾವು ಕಿಡಿಗಳನ್ನು ಸುತ್ತಿಗೊಮ್ಮೆ ಮಾತ್ರ ನೋಡುತ್ತೇವೆ. ಸಿನಿಮಾದಲ್ಲಿ ಮುಂದೆ ಓಡುವ ಚಕ್ಕಡಿಯ ಗಾಲಿ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಇಲ್ಲೂ ಹಾಗೇ ಆಗಬಹುದು. ಸುತ್ತಿಗೆ ಅರ್ಧ ಆವರ್ತಕ್ಕಿಂತ ವೇಗದ ಬದಲಾವಣೆ ಮಡಚಿಕೊಂಡು ಕಡಿಮೆಯಾಗಿ ಕಾಣುತ್ತದೆ. ಬಿ0943+10ರಲ್ಲಿ ಕಾಣುವ ಶಿಖರ 0.465, ಅಂದರೆ 2.15 ಸುತ್ತಿಗೊಮ್ಮೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಅವಿನಾಶ್ ದೇಶಪಾಂಡೆ ಮತ್ತು ಅಮೆರಿಕದ ಜೋನಾ ರ‍್ಯಾಂಕಿನ್ 1999ರಲ್ಲಿ ಅರೆಸಿಬೊ ಟೆಲಿಸ್ಕೋಪಿನ ಡೇಟಾ ಬಿಡಿಸಿ ನಿಜವಾದದ್ದು 0.535 ಎಂದರು, ಅಂದರೆ 1.87 ಸುತ್ತು. ಅವರ ಕೈಗೆ ಸಿಕ್ಕ ಕೀಲಿ, ಮುಖ್ಯ ಶಿಖರದ ಎರಡೂ ಬದಿಗಿದ್ದ ಸಣ್ಣ ಶಿಖರಗಳು. ಅವುಗಳ ಅಂತರದಿಂದ 20 ಕಿಡಿಗಳು ಸುಮಾರು 37 ಸುತ್ತಿಗೊಮ್ಮೆ ಪೂರ್ತಿ ಪ್ರದಕ್ಷಿಣೆ ಹಾಕುತ್ತವೆ ಎಂದು ಲೆಕ್ಕ ಬಂತು. ಇಪ್ಪತ್ತನ್ನು 1.87ರಿಂದ ಗುಣಿಸಿ, ನೀವೇ ನೋಡಿ. ಇಂಥ ಪಕ್ಕದ ಶಿಖರಗಳು ಸಿಗದಿದ್ದರೆ ಜಾರುವ ದಿಕ್ಕಿನ ಬಗ್ಗೆ ವರದಿಯಲ್ಲಿ ಎರಡೂ ಸಾಧ್ಯತೆ ಬರೆಯಿರಿ.

ಕಿಡಿಗಳ ನಡುವಿನ ಖಾಲಿ ಜಾಗದ ಮೇಲೆ ನಮ್ಮ ದೃಷ್ಟಿರೇಖೆ ಹಾದರೂ ಆ ಸುತ್ತು ಮೌನವೆನಿಸುತ್ತದೆ. ಆದ್ದರಿಂದ ಆರನೇ ಹೆಜ್ಜೆಯ ಮೌನಗಳು ಲಯಬದ್ಧವಾಗಿ ಬಂದಿದ್ದರೆ ಅವು ಹುಸಿಮೌನ ಇರಬಹುದು. ಮೌನ-ಮಾತನ್ನು 0 ಮತ್ತು 1 ಎಂದು ಬರೆದು ಅದರ ಮೇಲೂ ಫೂರಿಯೆ ಓಡಿಸಿ.

ಹೆಜ್ಜೆ 8: ಆಕಾರ ಬದಲಾಯಿಸುವ ಪಲ್ಸಾರ್

ಬಿ0329+54ರ ಸರಾಸರಿ ಆಕಾರದಲ್ಲಿ ನಡುವೆ ದೊಡ್ಡ ಶಿಖರ, ಎರಡೂ ಬದಿಗೆ ಸಣ್ಣವು. ಹೆಚ್ಚಿನ ಕಾಲ ಒಂದೇ ಅನುಪಾತ. ಆಮೇಲೆ ಒಮ್ಮೆಲೇ ಬದಿಯ ಶಿಖರಗಳ ಅನುಪಾತ ಬದಲಾಗಿ ಸ್ವಲ್ಪ ಹೊತ್ತು ಹಾಗೇ ಇದ್ದು ಮತ್ತೆ ಮೊದಲಿನಂತಾಗುತ್ತದೆ. ಇದಕ್ಕೆ ಮೋಡ್ ಬದಲಾವಣೆ ಎನ್ನುತ್ತಾರೆ. ಐವತ್ತು ಸುತ್ತಿನ ತುಂಡುಗಳಲ್ಲಿ ಸರಾಸರಿ ತೆಗೆದು ಮೊದಲ ಮತ್ತು ಕೊನೆಯ ಶಿಖರದ ಅನುಪಾತವನ್ನು ಕಾಲದ ಎದುರು ಬರೆದರೆ ಮೆಟ್ಟಿಲಿನಂತೆ ಕಾಣಬೇಕು. ಮೆಟ್ಟಿಲು ಕಾಣದೆ ನಿಧಾನ ಏರಿಳಿತ ಕಂಡರೆ ಉಪಕರಣದ ಧ್ರುವೀಕರಣ ಸೋರಿಕೆಯನ್ನು, ಅಂದರೆ ಅಲೆ ಕಂಪಿಸುವ ಒಂದು ದಿಕ್ಕಿನ ಸಂಕೇತ ಇನ್ನೊಂದರೊಳಗೆ ನುಸುಳುವುದನ್ನು, ಅನುಮಾನಿಸಿ. ಪಲ್ಸಾರ್ ಆಕಾಶದಲ್ಲಿ ಸರಿದಂತೆ ಅದೂ ನಿಧಾನಕ್ಕೆ ಬದಲಾಗುತ್ತದೆ.

ಮೋಡ್ ಬದಲಾವಣೆ ಬರೀ ರೇಡಿಯೊ ಕಿರಣದ ಆಟವಲ್ಲ. ಬಿ0943+10ಅನ್ನು ಎಕ್ಸ್‌ಕಿರಣ ನೋಡುವ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ, ಯುರೋಪಿನ ರೇಡಿಯೊ ಟೆಲಿಸ್ಕೋಪ್ ಲೋಫಾರ್, ನಮ್ಮ ಜಿಎಂಆರ್‌ಟಿ ಒಟ್ಟಿಗೆ ನೋಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಹೇಳಿದ್ದು: ರೇಡಿಯೊ ಮಂದವಾದಾಗ ಎಕ್ಸ್‌ಕಿರಣ ಪ್ರಕಾಶ ಎರಡು ಪಟ್ಟಿಗಿಂತ ಹೆಚ್ಚು. ಬಿ1931+24 ಇನ್ನೂ ಖಡಕ್. ಐದರಿಂದ ಹತ್ತು ದಿನ ಮಿಡಿದು, 25ರಿಂದ 35 ದಿನ ಪೂರ್ತಿ ಮಾಯ. ಮಿಡಿಯುವ ದಿನಗಳಲ್ಲಿ ಅದರ ತಿರುಗು ವೇಗ ಇಳಿಯುವ ದರ ಶೇಕಡ 50 ಹೆಚ್ಚು ಎಂದು 2006ರಲ್ಲಿ ಕ್ರೇಮರ್ ತಂಡ ಅಳೆಯಿತು. ಅಂದರೆ ಮಿಡಿಯುವಾಗ ಕಾಂತಗೋಳದಿಂದ (ನಕ್ಷತ್ರದ ಕಾಂತಕ್ಷೇತ್ರ ಆಳುವ ಸುತ್ತಲಿನ ಜಾಗ) ಹೊರಹರಿಯುವ ಕಣಗಳ ಪ್ರವಾಹ ಬೇರೆ, ಸುಮ್ಮನಿದ್ದಾಗ ಬೇರೆ. ನೂರಾರು ಮೀಟರಿನ ಧ್ರುವದ ಟೊಪ್ಪಿಗೆಯಿಂದ ಹಿಡಿದು ಇಡೀ ಕಾಂತಗೋಳದವರೆಗೆ ಸ್ಥಿತಿಯೇ ಬದಲಾಗುತ್ತದೆ.

ಹೆಜ್ಜೆ 9: ಒಂಟಿ ಸಿಡಿತಗಳು

ಸಾಲಿನಲ್ಲಿ ಒಂದೇ ಒಂದು ಮಿಡಿತ ಸರಾಸರಿಗಿಂತ ಹತ್ತು ಪಟ್ಟು ಶಕ್ತಿಯದಾಗಿದ್ದರೆ ದೈತ್ಯ ಮಿಡಿತದ ಮಾತು ಬರುತ್ತದೆ. ಏಡಿ ನೀಹಾರಿಕೆಯ ಪಲ್ಸಾರ್ 1968ರಲ್ಲಿ ಸಿಕ್ಕಿದ್ದೇ ಇಂಥ ಮಿಡಿತಗಳಿಂದ. ಶಕ್ತಿಯ ಹಂಚಿಕೆಯನ್ನು ಲಾಗ್-ಲಾಗ್ ಕಾಗದದ ಮೇಲೆ ಬರೆಯಿರಿ. ದೈತ್ಯ ಮಿಡಿತಗಳ ಬಾಲ ನೇರ ಗೆರೆಯಾಗುತ್ತದೆ, ಸಾಮಾನ್ಯ ಮಿಡಿತಗಳದು ಬಾಗಿ ಬೀಳುತ್ತದೆ.

ಮಡಚಿದಾಗ ಏನೂ ಕಾಣದೆ ಆಗೊಮ್ಮೆ ಈಗೊಮ್ಮೆ ಮಾತ್ರ ಸಿಡಿಯುವವು ರ‍್ಯಾಟ್‌ಗಳು. 2006ರಲ್ಲಿ ಮೊದಲ 11 ಪ್ರಕಟವಾದವು. ಸಿಡಿತ 2ರಿಂದ 30 ಮಿಲಿಸೆಕೆಂಡ್, ನಡುವಿನ ಬಿಡುವು ನಾಲ್ಕು ನಿಮಿಷದಿಂದ ಮೂರು ಗಂಟೆವರೆಗೆ. ಸಿಡಿತಗಳ ಬರುವಿಕೆಯ ನಡುವಿನ ಎಲ್ಲ ಅಂತರಗಳನ್ನು ಬರೆದು ಅವನ್ನೆಲ್ಲ ಭಾಗಿಸುವ ಅತಿ ದೊಡ್ಡ ಕಾಲಮಾನ ಹುಡುಕಿದರೆ ತಿರುಗುವ ಅವಧಿ ಸಿಗುತ್ತದೆ. ಏಳನೇ ಇಯತ್ತೆಯ ಮಹತ್ತಮ ಸಾಮಾನ್ಯ ಅಪವರ್ತನ ಇಷ್ಟು ದಿನಕ್ಕೆ ಕೆಲಸಕ್ಕೆ ಬಂತು.

ಹೆಜ್ಜೆ 10: ಧ್ರುವೀಕರಣ ಇದ್ದರೆ ಬಿಡಬೇಡಿ

ಡೇಟಾದಲ್ಲಿ ಧ್ರುವೀಕರಣವನ್ನು ವಿವರಿಸುವ ನಾಲ್ಕೂ ಸ್ಟೋಕ್ಸ್ ಪರಿಮಾಣಗಳಿದ್ದರೆ ಧ್ರುವೀಕರಣ ಕೋನವನ್ನು ಹಂತದ ಎದುರು ಬರೆಯಿರಿ. ಹಲವು ಪಲ್ಸಾರ್‌ಗಳಲ್ಲಿ ಅದು ಎಸ್ ಆಕಾರದಲ್ಲಿ ಬಾಗುತ್ತದೆ. ವೇಲಾ ಪಲ್ಸಾರಿನಲ್ಲಿ ಇದನ್ನು ನೋಡಿ 1969ರಲ್ಲಿ ವಿ. ರಾಧಾಕೃಷ್ಣನ್ ಮತ್ತು ಕುಕ್, ಕಿರಣ ಹುಟ್ಟುವುದು ಕಾಂತಧ್ರುವದ ಮೇಲೆ ಎಂದು ವಾದಿಸಿದರು. ರಾಧಾಕೃಷ್ಣನ್ ಮುಂದೆ ರಾಮನ್ ಸಂಸ್ಥೆಯ ನಿರ್ದೇಶಕರಾದರು. ಆ ವಕ್ರರೇಖೆಯ ಕಡಿದಾದ ಭಾಗ ನಮ್ಮ ದೃಷ್ಟಿರೇಖೆ ಧ್ರುವಕ್ಕೆ ಎಷ್ಟು ಹತ್ತಿರ ಹಾಯುತ್ತದೆ ಎಂದು ತಿಳಿಸುತ್ತದೆ. ಕಿಡಿಗಳ ಲೆಕ್ಕಕ್ಕೆ ಈ ಕೋನ ಬೇಕೇ ಬೇಕು. ನಡುವೆ ಕೋನ 90 ಡಿಗ್ರಿ ಜಿಗಿದರೆ ಗಾಬರಿ ಬೇಡ, ಎರಡು ಲಂಬ ಧ್ರುವೀಕರಣ ವಿಧಗಳ ಪೈಪೋಟಿ ಅದು.

ಹೆಜ್ಜೆ 11: ವಿವರಣೆ ಬರೆಯುವಾಗ

ಅಷ್ಟು ಪ್ರಖರ ರೇಡಿಯೊ ಅಲೆ ಪ್ಲಾಸ್ಮಾದಿಂದ ಹೇಗೆ ಒಟ್ಟಾಗಿ ಹೊಮ್ಮುತ್ತದೆ ಎಂಬುದರ ಬಗ್ಗೆ ಖಗೋಳ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಹಾಗಾಗಿ ಪ್ರಾಜೆಕ್ಟ್ ವರದಿಯಲ್ಲಿ ಅದನ್ನು ಬಗೆಹರಿಸಲು ಹೋಗಬೇಡಿ. ನಿಮ್ಮ ವಿನ್ಯಾಸ ಜ್ಯಾಮಿತಿಯಿಂದ ಬಂದದ್ದೋ, ಅಂದರೆ ನಾವು ನೋಡುವ ಕೋನದಿಂದಲೋ, ಅಥವಾ ಕಾಂತಗೋಳದ ಸ್ಥಿತಿ ಬದಲಾದದ್ದರಿಂದಲೋ ಎಂಬುದನ್ನು ಮಾತ್ರ ಗುರಿಯಾಗಿ ಇಟ್ಟುಕೊಳ್ಳಿ. ಲಯಬದ್ಧವಾಗಿದ್ದು ಧ್ರುವೀಕರಣದ ಕೋನಕ್ಕೆ ಹೊಂದಿದರೆ ಮೊದಲನೆಯದರ ಕಡೆ ವಾಲುತ್ತದೆ. ಇಡೀ ಪಟ್ಟಿಯಲ್ಲಿ ಒಮ್ಮೆಲೇ ಬದಲಾಗಿ, ಜಾರುವ ವೇಗವನ್ನೂ ಆಕಾರವನ್ನೂ ಜೊತೆಗೇ ಬದಲಿಸಿದರೆ ಎರಡನೆಯದರ ಕಡೆ.

ವರದಿಯ ಜೊತೆ ಸಾಲಿನ ಚಿತ್ರ, ಎರಡೂ ಕಿಟಕಿಗಳ ಅಂಚುಗಳು, ಬಳಸಿದ ಡಿಎಂ, ಅಳಿಸಿದ ಚಾನೆಲ್ ಮತ್ತು ಸಾಲುಗಳ ಪಟ್ಟಿ ಇರಲಿ. ಮೌಖಿಕ ಪರೀಕ್ಷೆಗೆ ಬರುವವರು ಮೊದಲು ಕೇಳುವುದು ಆ ಕೊನೆಯ ಪಟ್ಟಿಯನ್ನೇ. ಆಮೇಲೆ ಸಮಯ ಉಳಿದರೆ ಅದೇ ಪಲ್ಸಾರಿನ ಬೇರೊಂದು ದಿನದ, ಬೇರೆ ಆವರ್ತನದ ಕಡತ ಇಳಿಸಿ ಮೂರನೇ ಹೆಜ್ಜೆಯಿಂದ ಮತ್ತೊಮ್ಮೆ ಶುರು ಮಾಡಿ.